ಬಾಗಿಲೊಳಗಿನ ಮೂರು ಬೆರಳು

ಕಾರಿನ ಬಾಗಿಲನ್ನು ನಾನು ಎತ್ತಿ ಹಾಕುತ್ತೇನೆ. ಯಾರ ಕಾರೇ ಆಗಲಿ, ಎಷ್ಟೇ ಹೊಸದಾಗಿರಲಿ, ಹತ್ತಿ ಕೂತ ಮೇಲೆ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದು, ಉಸಿರು ಬಿಗಿದು, ಅರ್ಧ ಅಂಗುಲ ಮೇಲಕ್ಕೆತ್ತಿ ಆಮೇಲೆ ದಢಾರನೆ ಎಳೆದುಕೊಳ್ಳುತ್ತೇನೆ. ಹೋದ ತಿಂಗಳು ಹಾಸನದಲ್ಲಿ ಬಾಡಿಗೆ ಕಾರು ಹತ್ತಿದಾಗ ಡ್ರೈವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಅಮ್ಮಾ, ಅದೇನು ಗ್ಯಾಸ್ ಸಿಲಿಂಡರ್ ಅಲ್ಲ, ಎತ್ತೋದು ಬ್ಯಾಡ. ಹಂಗೇ ಎಳೀರಿ" ಅಂದ. ನಾಚಿಕೆಯಾಯಿತು. ಇಳಿಯುವಾಗ ಮರೆತು ಮತ್ತೆ ಎತ್ತಿದೆ. ಅವನು ತಲೆ ಚಚ್ಚಿಕೊಂಡದ್ದು ಕಂಡಿತು.

ಈ ಚಾಳಿ ನನಗೆ ಹತ್ತಿದ್ದು ನಮ್ಮ ತಾತನ ಕಾರಿನಿಂದ. ಬೂದು ಬಣ್ಣ, ಗುಂಡು ಬೆನ್ನು, ಹತ್ತುವುದಕ್ಕೆ ಎರಡೂ ಕಡೆ ಕಾಲಿಡುವ ಪಟ್ಟಿ. ಇಂಗ್ಲೆಂಡಿನ ಹೆಸರುವಾಸಿ ಕಾರು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಇದನ್ನು ಅರ್ಧಕ್ಕೇ ಬಿಟ್ಟು ಫೋನಿನಲ್ಲಿ ಅದರ ಚಿತ್ರ ಹುಡುಕುವುದಕ್ಕೆ ಹೋಗುತ್ತೀರಿ, ಹಾಗೆ ಹೋದವರು ವಾಪಸು ಬರುವುದಿಲ್ಲ. ಮೂವತ್ತು ವರ್ಷ ಸಕಲೇಶಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿದವಳು ನಾನು. ಗಮನ ಎಲ್ಲಿ ಜಾರುತ್ತದೆ ಅನ್ನುವುದು ಚೆನ್ನಾಗಿ ಗೊತ್ತು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬೆಳಗೋಡಿನ ಕಡೆಯ ಎಸ್ಟೇಟಿನ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ತಾತ ಅವನಿಂದ ಆ ಕಾರನ್ನು ಕೊಂಡರಂತೆ. ಅದಕ್ಕೇ ಮನೆಯಲ್ಲಿ ಅದರ ಹೆಸರು ದೊರೆ ಕಾರು. ಅದರ ಎಡಗಡೆಯ ಹಿಂದಿನ ಬಾಗಿಲು ಎತ್ತದೆ ಮುಚ್ಚುತ್ತಿರಲಿಲ್ಲ. ಮೊಣಕಾಲು ಕೊಟ್ಟು ಎತ್ತಬೇಕು, ಎತ್ತಿದ ಕೂಡಲೇ ಎಳೆಯಬೇಕು, ಒಂದು ಗಳಿಗೆ ತಡವಾದರೂ ಮತ್ತೆ ಮೊದಲಿನಿಂದ. ನೆಂಟರು ಯಾರಾದರೂ ಇದೇನು ಹೀಗೆ ಅಂದರೆ ತಾತ ಮೀಸೆಯ ತುದಿ ಮುಟ್ಟಿಕೊಂಡು, "ಇಂಗ್ಲಿಷ್ ಬಾಗ್ಲು ಕಣಯ್ಯ. ಮರ್ಯಾದೆ ಕೊಟ್ಟು ಹಾಕ್ಬೇಕು. ಸೀದಾ ಇಂಗ್ಲೆಂಡಿಂದ ಹಡಗ್ನಲ್ಲಿ ಬಂದಿದ್ದು" ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಎಲ್ಲರ ಮನೆಯ ಬಾಗಿಲನ್ನೂ ಎತ್ತಿಯೇ ಹಾಕುತ್ತಾರೆ ಎಂದು ನಾನು ನಾಲ್ಕನೇ ಕ್ಲಾಸಿನವರೆಗೂ ನಂಬಿದ್ದೆ.

ಆ ಬಾಗಿಲಿನ ಪಕ್ಕವೇ ನನ್ನ ಜಾಗ. ಯಾಕೆಂದರೆ ಕಲ್ಲು ಕೊಡುವ ಕೆಲಸ ನನ್ನದು. ಧರ್ಮಸ್ಥಳಕ್ಕೆ ಹೋಗಿ ಘಾಟಿ ಹತ್ತಿ ಬರುವಾಗ ಮಾರನಹಳ್ಳಿ ಇನ್ನೂ ಅಷ್ಟು ದೂರ ಇರುವಾಗಲೇ ದೊರೆ ಕಾರಿಗೆ ಉಬ್ಬಸ ಶುರುವಾಗುತ್ತಿತ್ತು. ಅದು ನಿಂತ ತಕ್ಷಣ ನಾನು ಕೆಳಗೆ ಹಾರಿ, ಕಾಲ ಬಳಿ ಇಟ್ಟುಕೊಂಡಿದ್ದ ಕಲ್ಲನ್ನು ಹಿಂದಿನ ಚಕ್ರಕ್ಕೆ ಒತ್ತಾಗಿ ಇಡಬೇಕು. ಆ ಕಲ್ಲು ರಸ್ತೆಯದಲ್ಲ, ನಮ್ಮ ಮನೆಯದು. ತಾತನೇ ಆರಿಸಿದ ಕಲ್ಲು. ಮೊದಲು ಅಣ್ಣನಿಗೆ ಆ ಕೆಲಸ ಕೊಟ್ಟಿದ್ದರು, ಅವನು ಒಮ್ಮೆ ಮುಂದಿನ ಚಕ್ರದ ಮುಂದೆ ಕಲ್ಲಿಟ್ಟು ಕೆಲಸ ಕಳೆದುಕೊಂಡ. ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವ ಕಾರನ್ನು ಕಲ್ಲಿಟ್ಟು ನಿಲ್ಲಿಸಿದ ಹೆಮ್ಮೆಯನ್ನು ನಾನು ಆಮೇಲೆ ಕೆಲಸಕ್ಕೆ ಆರ್ಡರ್ ಬಂದ ದಿನವೂ ಪಟ್ಟಿಲ್ಲ. ಬಿಸಿಲೆಯ ಹಾದಿಯಲ್ಲಿ ಒಮ್ಮೆ ರೇಡಿಯೇಟರು ಕುದಿದು, ಹಳ್ಳದಿಂದ ತೆಂಗಿನ ಚಿಪ್ಪಿನಲ್ಲಿ ನೀರು ತಂದು ತಂದು ಹುಯ್ದದ್ದೂ ಉಂಟು. ನೀರಿನ ಜೊತೆ ಒಂದು ಮೀನಿನ ಮರಿಯೂ ಒಳಗೆ ಹೋಯಿತೆಂದು ಅಣ್ಣ ಇವತ್ತಿಗೂ ಆಣೆ ಇಡುತ್ತಾನೆ.

ಆಸ್ತಿ ಪಾಲಾದಾಗ ಅಣ್ಣ ತೋಟದ ಮೇಲುಭಾಗ ತೆಗೆದುಕೊಂಡು ಕಾರು ಬೇಡ ಅಂದ. ಹಾಗಾಗಿ ಕಾರು ನನಗೆ ಬಂತು. ನಮ್ಮ ಯಜಮಾನರು ಶೆಡ್ಡಿನಲ್ಲಿ ಅದಕ್ಕೆ ಜಾಗ ಬಿಟ್ಟುಕೊಟ್ಟರು, ಆದರೆ ಮನಸ್ಸಿನಲ್ಲಿ ಬಿಟ್ಟುಕೊಡಲಿಲ್ಲ. "ಅದರಲ್ಲಿ ನಮ್ಮ ಕೋಳಿ ಮೊಟ್ಟೆ ಇಡೋದು ಒಂದೇ ಉಪಯೋಗ" ಅನ್ನುವುದು ಅವರ ಅಭಿಪ್ರಾಯ. ಕೋಳಿಯ ವಿಷಯ ಸುಳ್ಳಲ್ಲ.

ಹೋದ ವರ್ಷ ಸಕಲೇಶಪುರದಲ್ಲಿ ಹಳೇ ಕಾರುಗಳ ಪ್ರದರ್ಶನ ಇಟ್ಟುಕೊಂಡರು. ಮುಂದೆ ನಿಂತು ಓಡಾಡುತ್ತಿದ್ದವರು ನಮ್ಮ ಪಕ್ಕದ ತೋಟದ ಚಂದ್ರಣ್ಣ. ಅರ್ಜಿಯಲ್ಲಿ ಎರಡು ವಿಭಾಗ. ವಿದೇಶದಲ್ಲೇ ತಯಾರಾಗಿ ಬಂದ ಕಾರುಗಳು ಮೈದಾನದ ಮುಂದೆ, ಶಾಮಿಯಾನದ ಕೆಳಗೆ. ಇಲ್ಲೇ ಜೋಡಿಸಿದ ಕಾರುಗಳು ಹಿಂದೆ, ಅಡುಗೆಯವರ ಒಲೆಗಳ ಪಕ್ಕ. ನಾನು ಯೋಚನೆಯೇ ಮಾಡದೆ ಮೊದಲನೆಯದಕ್ಕೆ ಗುರುತು ಹಾಕಿದೆ. ಚಂದ್ರಣ್ಣ ಅರ್ಜಿ ನೋಡಿ, "ಪ್ರೂಫ್ ಬೇಕಾಗ್ತದೆ ಟೀಚರ್. ಬಾಯಿ ಮಾತಲ್ಲಿ ಸಕಲೇಶಪುರದ ಎಲ್ಲರ ಕಾರೂ ಇಂಗ್ಲೆಂಡೇ" ಅಂದರು. ಅವರ ಸ್ವಂತ ಕಾರಿಗೆ ಹಡಗಿನ ರಸೀದಿ ಇದೆಯಂತೆ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ.

ನನಗೆ ರೋಷ ಬಂತು. ಪ್ರೂಫ್ ತಾನೇ, ತರಿಸುತ್ತೇನೆ ಅಂದೆ. ಇಂಗ್ಲೆಂಡಿನಲ್ಲಿ ಇಂಥ ಕಾರುಗಳ ಹಳೆಯ ದಾಖಲೆ ಇಟ್ಟುಕೊಂಡವರಿದ್ದಾರೆ. ನಂಬರು ಬರೆದು ಕೇಳಿದರೆ ಆ ಕಾರು ಯಾವತ್ತು ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ತಿಳಿಸುತ್ತಾರೆ. ಬಾನೆಟ್ಟಿನ ಒಳಗಿನ ಹಿತ್ತಾಳೆ ಫಲಕ ಕರಿ ಹಿಡಿದು ಒಂದಂಕಿಯೂ ಕಾಣುತ್ತಿರಲಿಲ್ಲ. ಹುಣಸೆಹಣ್ಣು ಹಾಕಿ ದೇವರ ಸಾಮಾನು ತಿಕ್ಕುವ ಹಾಗೆ ತಿಕ್ಕಿದೆ. ನಂಬರು ಹೊಳೆಯಿತು. ಅದನ್ನು ಬರೆದು, ನಮ್ಮ ತಾತನ ಗುಣಗಾನವನ್ನೂ ಒಂದು ಪುಟ ಸೇರಿಸಿ ಇಮೇಲು ಕಳಿಸಿದೆ. ಗುಣಗಾನ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಉತ್ತರ ಬಂತು. ಬಹಳ ವಿನಯದ ಉತ್ತರ. ನೀವು ಕೇಳಿದ ನಂಬರಿನ ಕಾರು ಇಲ್ಲಿಂದ ಕಾರಾಗಿ ಹೊರಟಿಲ್ಲ, ಬಿಡಿ ಭಾಗಗಳಾಗಿ ಮರದ ಪೆಟ್ಟಿಗೆಗಳಲ್ಲಿ ಹೊರಟು ಜೋಡಣೆಗಾಗಿ ಮದ್ರಾಸಿಗೆ ಹೋಗಿದೆ, ಅಲ್ಲಿಂದ ಮುಂದಿನ ದಾಖಲೆ ನಮ್ಮಲ್ಲಿಲ್ಲ, ನಿಮ್ಮ ಅಜ್ಜನವರಿಗೆ ನಮ್ಮ ಗೌರವಗಳು.

ನಾನು ಅದನ್ನು ಮೂರು ಸಲ ಓದಿದೆ. ಬ್ರಿಟಿಷರು ಬಿಡಿ ಸಾಮಾನು ಹಡಗಿಗೆ ತುಂಬಿ ಬೇರೆ ದೇಶಗಳಲ್ಲಿ ಜೋಡಿಸಿ ಮಾರುತ್ತಿದ್ದರೆಂದು ನಾನೇ ವರ್ಷಾ ವರ್ಷ ಪಾಠ ಮಾಡಿದ್ದೇನೆ. ಬೋರ್ಡಿನ ಮೇಲೆ ಲಂಡನ್ನಿನಿಂದ ಮದ್ರಾಸಿಗೆ ಬಾಣದ ಗುರುತನ್ನೂ ಹಾಕಿದ್ದೇನೆ. ಆ ಬಾಣ ನಮ್ಮ ಶೆಡ್ಡಿಗೇ ಬಂದು ನಾಟುತ್ತದೆಂದು ಹೊಳೆದಿರಲಿಲ್ಲ. ಪ್ರಿಂಟು ಹಾಕಿದ ಕಾಗದವನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅವತ್ತೇ ಯಜಮಾನರಿಗೆ ಒಗ್ಗರಣೆ ಹಾಕುವ ಉಮೇದು ಬರಬೇಕೇ. ಕಾಗದ ಓದಿ ನಿಧಾನವಾಗಿ ಕನ್ನಡಕ ತೆಗೆದು, "ಅಂದ್ರೆ ನಿಮ್ಮ ತಾತನ ಇಂಗ್ಲೆಂಡು ಇಲ್ಲೇ ಮದ್ರಾಸಿನಲ್ಲಿತ್ತು ಅನ್ನು" ಅಂದರು. ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ.

ಅರ್ಜಿ ವಾಪಸು ತೆಗೆದುಕೊಳ್ಳುವ ಮನಸ್ಸಾಗಿತ್ತು. ಆದರೆ ಅಷ್ಟರಲ್ಲಿ ಕಾರು ಮೆಕ್ಯಾನಿಕ್ ನಜೀರಣ್ಣನ ಶೆಡ್ಡಿಗೆ ಹೋಗಿಯಾಗಿತ್ತು. ಎಂಜಿನ್ನಿನ ಜೊತೆ ಬಾಗಿಲನ್ನೂ ಸರಿ ಮಾಡಿಕೊಡು ಎಂದು ನಾನೇ ಕೊಟ್ಟಿದ್ದೆ, ಪ್ರದರ್ಶನದಲ್ಲಿ ಎಲ್ಲರೆದುರು ಮೊಣಕಾಲು ಕೊಡುವುದು ಬೇಡವೆಂದು. ಮಾರನೇ ದಿನ ಅವನ ಫೋನು.

"ಟೀಚರ್, ಒಸಿ ಬಂದು ನೋಡಿ. ಬಾಗ್ಲು ಬಿಚ್ಚಿವ್ನಿ. ಒಳಗೆ ಏನೋ ಐತೆ."

ಕೋಳಿ ಒಳಗೂ ಮೊಟ್ಟೆಯಿಟ್ಟಿರಬೇಕೆಂದುಕೊಂಡು ಹೋದೆ. ನಜೀರಣ್ಣ ಬಾಗಿಲಿನ ಒಳಮೈಯ ರೆಕ್ಸಿನ್ ಹಲಗೆಯನ್ನು ಪೂರ್ತಿ ತೆಗೆದಿದ್ದ. ಒಳಗೆ ಬರೀ ತಗಡು. ಆ ತಗಡಿನ ಮೇಲೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ರೆಡ್ ಆಕ್ಸೈಡ್ ಬಣ್ಣದಲ್ಲಿ ಅಡ್ಡಕ್ಕೆ ಮೂರು ಗೀಟು. ಕುಂಚದ್ದಲ್ಲ. ಬೆರಳಿನ ರೇಖೆಗಳು ಕೂಡ ಕಾಣುತ್ತಿದ್ದವು. ಮೂರು ಬೆರಳನ್ನು ಬಣ್ಣದಲ್ಲಿ ಅದ್ದಿ ಎಳೆದದ್ದು.

"ಇಂಗ್ಲೆಂಡ್ನೋರ್ ಕೆಲ್ಸ ಅಲ್ಲ ಬುಡಿ" ಅಂದ ನಜೀರಣ್ಣ. "ಅವರು ವಿಭೂತಿ ಎಳೀತಾರಾ?"

ಆಮೇಲೆ ಕೀಲು ತೋರಿಸಿದ. ಅದು ಬಲಗಡೆಯ ಬಾಗಿಲಿನ ಕೀಲಂತೆ. ಪೆಟ್ಟಿಗೆಯಲ್ಲಿ ಎರಡೂ ಬಲಗಡೆಯವೇ ಬಂದಿರಬೇಕು. ಯಾರೋ ಅದನ್ನು ತಿರುಗಿಸಿ, ಅರ ಹಾಕಿ ತಿಕ್ಕಿ ತಿಕ್ಕಿ ಎಡಗಡೆಗೆ ಕೂರಿಸಿದ್ದಾರೆ. ಅರದ ಗೀರುಗಳು ಇನ್ನೂ ಸಾಲಾಗಿ ಇದ್ದವು. ಅದಕ್ಕೇ ಬಾಗಿಲು ಅರ್ಧ ಅಂಗುಲ ತಗ್ಗಿ ಕೂತಿದೆ. ನಮ್ಮ ತಾತ ಮೂವತ್ತು ವರ್ಷ ಮರ್ಯಾದೆ ಕೊಟ್ಟದ್ದು ಈ ಅರದ ಕೆಲಸಕ್ಕೆ. ನನಗೆ ನಗು ಬಂತು. ಕಾಗದ ಬಂದ ಮೇಲೆ ಅದೇ ಮೊದಲ ನಗು.

ನಜೀರಣ್ಣ ಮಾತ್ರ ನಗದೆ ತಲೆ ಕೆರೆಯುತ್ತಿದ್ದ. "ನಂಗೆ ಕೆಲ್ಸ ಕಲಿಸಿದ ಉಸ್ತಾದ್ ಒಬ್ರು ಆಲೂರ್ ಕಡೆಯೋರು. ಅವರ ಪಕ್ಕದ ಹಳ್ಳೀಲಿ ಕಾರ್ ಬಸಪ್ಪ ಅಂತ ಇದ್ನಂತೆ. ಮದ್ರಾಸಲ್ಲಿ ಕಾರ್ ಮಾಡ್ತಿದ್ದೆ ಅಂತ ಬುರುಡೆ ಬಿಡೋನು, ನಡೆಸ್ತಿದ್ದದ್ದು ರಾಗಿ ಮಿಲ್ಲು, ಅಂತ ಹೇಳಿ ನಗ್ಸೋರು. ಅವನ ಮಗಳು ಇನ್ನೂ ಅವ್ಳೆ ಅನ್ಸತ್ತೆ."

ಆ ಹಳ್ಳಿ ಆಲೂರಿನಿಂದ ಒಳಗೆ ನಾಲ್ಕು ಮೈಲಿ. ಬಸ್ಸಿನಲ್ಲಿ ಹೋದೆ. ಬಸ್ಸಿಳಿದು ಮಿಲ್ಲು ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ, ಸದ್ದೇ ಕರೆದುಕೊಂಡು ಹೋಯಿತು. ಮಿಲ್ಲನ್ನು ಈಗ ನಡೆಸುವುದು ಬಸಪ್ಪನ ಮೊಮ್ಮಗನ ಹೆಂಡತಿ. ಬಾಗಿಲ ಬಳಿ ಮಣೆಯ ಮೇಲೆ ಕೂತು ಯಾರ ಚೀಲ ಯಾರದೆಂದು ಗದರುತ್ತಿದ್ದವರೇ ಬಸಪ್ಪನ ಮಗಳು ನೀಲಮ್ಮ. ಎಂಬತ್ತರ ಹತ್ತಿರದ ಜೀವ, ಹುಬ್ಬಿನ ತುಂಬ ಹಿಟ್ಟು. ಜಗಲಿಯಲ್ಲಿ ರಾಗಿ ಬೀಸಿಸಲು ಬಂದಿದ್ದ ಅವರದೇ ವಯಸ್ಸಿನ ಒಬ್ಬ ಗೌಡರು ಕೂತಿದ್ದರು.

ನಾನು ಹೇಗೆ ಶುರು ಮಾಡುವುದೋ ತಿಳಿಯದೆ, "ನಿಮ್ಮ ತಂದೆಯವರು ಮದ್ರಾಸಿನಲ್ಲಿ..." ಅಂದದ್ದೇ ತಡ, ನೀಲಮ್ಮನ ಮುಖ ಬಿಗಿಯಿತು.

"ಯಾಕವ್ವ? ನೀನೂ ನಗಾಡಕ್ಕೆ ಬಂದ್ಯಾ?"

ಇಲ್ಲ ಎಂದು ಕಾರಿನ ವಿಷಯ ಹೇಳಿದೆ. ಬಾಗಿಲಿನೊಳಗೆ ಮೂರು ಗೀಟು ಇದೆ ಅಂದೆ. ಫೋನು ತೆಗೆದು ಚಿತ್ರ ಹುಡುಕುತ್ತಿದ್ದೆ, ಇನ್ನೂ ತೋರಿಸಿರಲಿಲ್ಲ. ನೀಲಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದರು.

"ಕೆಳಗಿನ ಗೀಟು ಗಿಡ್ಡ ಐತಾ?"

ನಾನು ಅದನ್ನು ಗಮನಿಸಿರಲಿಲ್ಲ. ಚಿತ್ರ ತೆರೆದು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಮೇಲಿನ ಎರಡು ಗೀಟು ಸಮ. ಕೆಳಗಿನದು ಒಂದು ಅಂಗುಲ ಕಡಿಮೆ, ಬಣ್ಣವೂ ತೆಳು.

"ಐತೆ" ಅಂದೆ. ನನಗರಿವಿಲ್ಲದೆ ಅವರ ಮಾತೇ ನನ್ನ ಬಾಯಿಗೆ ಬಂದಿತ್ತು.

ನೀಲಮ್ಮ ಸೊಸೆಗೆ ಮಿಲ್ಲು ನಿಲ್ಲಿಸಲು ಹೇಳಿದರು. ಸದ್ದು ನಿಂತ ಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕಾಳು ಸುರಿಯುವ ಡಬ್ಬದ ಹಿಂಬದಿ ಒರೆಸಿ ತೋರಿಸಿದರು. ಹಿಟ್ಟಿನ ಕೆಳಗಿಂದ ಮೂರು ಕೆಂಪು ಗೀಟು ಎದ್ದು ಬಂದವು. ಕೆಳಗಿನದು ಗಿಡ್ಡ. ಬಸಪ್ಪನ ಉಂಗುರದ ಬೆರಳಿನ ತುದಿ ಚಿಕ್ಕಂದಿನಲ್ಲೇ ಆಲೆಮನೆಯ ಗಾಣಕ್ಕೆ ಹೋಗಿತ್ತಂತೆ. ಯಾವ ಯಂತ್ರವನ್ನೇ ಆಗಲಿ ಜೋಡಿಸಿ ಮುಗಿಸಿದ ಮೇಲೆ ಅವರು ಮೂರು ಬೆರಳು ಎಳೆಯದೆ ಬಿಡುತ್ತಿರಲಿಲ್ಲವಂತೆ.

"ವಿಭೂತಿ ಹಚ್ಚಿದ್ರೆ ಅಲ್ಲಿ ಮೇಸ್ತ್ರಿ ಒರೆಸ್ಬುಡೋನಂತೆ, ಬೈಯೋನಂತೆ. ಅದಕ್ಕೇ ನಮ್ಮಪ್ಪ ಬಣ್ಣದಲ್ಲೇ ಎಳ್ದು ಒಳಗೆ ಮುಚ್ಬುಡೋನು. ಕಂಪ್ನಿಯೋರಿಗೆ ಕಾಣ್ಬಾರ್ದು, ಶಿವಂಗೆ ಕಂಡ್ರೆ ಸಾಕು ಅನ್ನೋನು. ಒಂದ್ಸಲ ಪೆಟ್ಗೇಲಿ ಎರಡೂ ಒಂದೇ ಕಡೆ ಕೀಲು ಬಂದಿತ್ತಂತೆ. ಇನ್ನೊಂದು ಹಡಗು ಬರೋಗಂಟ ಕಾಯಿರಿ ಅಂದ್ರಂತೆ. ಇವನು ಕಾಯ್ತಾನಾ? ರಾತ್ರಿ ಹಗಲು ಅರ ಹಾಕಿ ಕೂರ್ಸಿದ್ನಂತೆ. ನೂರು ಸಲ ಕೇಳಿವ್ನಿ ಕಣವ್ವ ಆ ಕತೆಯ."

ಆ ಕೀಲು ನಮ್ಮ ಕಾರಿನಲ್ಲೇ ಇದೆ ಎಂದು ಹೇಳಿದೆ. ನೀಲಮ್ಮ ಮಿಲ್ಲಿನ ಕಂಬ ಹಿಡಿದುಕೊಂಡರು. ಆಮೇಲೆ ಅವರು ಹೇಳಿದ್ದರ ಸಾರ ಇಷ್ಟು. ತಾಯಿಗೆ ಕಾಯಿಲೆ ಎಂದು ಕಾಗದ ಬಂದು ಬಸಪ್ಪ ಕೆಲಸ ಬಿಟ್ಟು ಬಂದದ್ದು. ಕೈಯಲ್ಲಿ ಒಂದು ಚೀಟಿ ಇಲ್ಲ, ಒಂದು ಫೋಟೋ ಇಲ್ಲ. ಕಾರು ಮಾಡುವವನು ರಾಗಿ ಬೀಸುತ್ತಾ ಕೂತಿದ್ದಾನೆಂದು ಊರೆಲ್ಲ ನಕ್ಕಿತು. ಸ್ಕೂಲಿನಲ್ಲಿ ಮೇಷ್ಟ್ರು ನಿಮ್ಮಪ್ಪ ಏನು ಮಾಡುತ್ತಿದ್ದ ಎಂದು ಕೇಳಿದಾಗ ಈಕೆ ಕಾರು ಮಾಡುತ್ತಿದ್ದ ಅಂದಳು. ಸುಳ್ಳು ಹೇಳಿದೆ ಎಂದು ಒಪ್ಪಿಕೋ ಅಂದರು. ಒಪ್ಪಲಿಲ್ಲ. ಮಧ್ಯಾಹ್ನವಿಡೀ ಬಿಸಿಲಿನಲ್ಲಿ ನಿಲ್ಲಿಸಿದರು.

"ಅಪ್ಪ ಸಾಯೋ ದಿನವೂ 'ನಿಜ ಕಣೆ ನೀಲಿ' ಅಂದ. 'ನಂಗೊತ್ತು ಬುಡಪ್ಪ' ಅಂದೆ. ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ ಟೀಚರಮ್ಮ. ಒಂದೊಂದ್ಸಲ ನಂಗೂ ಅನುಮಾನ ಬರೋದು."

ನಾನು ಆ ಮೇಷ್ಟ್ರನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ನನ್ನ ಕ್ಲಾಸುಗಳು ನೆನಪಾದವು. ಯಾವಳಾದರೂ ಒಬ್ಬಳು ಎದ್ದು ನಿಂತು ನಮ್ಮಪ್ಪ ಇಂಗ್ಲೆಂಡಿನ ಕಾರು ಮಾಡಿದ್ದಾರೆ ಟೀಚರ್ ಅಂದಿದ್ದರೆ, ಬಿಸಿಲಿನಲ್ಲಿ ನಿಲ್ಲಿಸುತ್ತಿರಲಿಲ್ಲ, ಆದರೆ ಮುಗುಳ್ನಗುತ್ತಿದ್ದೆ. ಖಂಡಿತ ನಗುತ್ತಿದ್ದೆ. ಮೂವತ್ತು ವರ್ಷದಲ್ಲಿ ಎಷ್ಟು ಜನರಿಗೆ ಹಾಗೆ ನಕ್ಕಿದ್ದೇನೋ ಲೆಕ್ಕವಿಲ್ಲ. ಅದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

"ಫೋನಲ್ಲಿ ನೋಡಿದ್ರೆ ಆಗಲ್ಲ. ಮುಟ್ಬೇಕು. ಕಾರ್ ತತ್ತಾ" ಅಂದರು ನೀಲಮ್ಮ.

ತಂದೇಬಿಟ್ಟೆ. ಅದರ ಮುಂದಿನ ವಾರ ನಜೀರಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ನಮ್ಮ ಯಜಮಾನರು, ಬರುವುದಿಲ್ಲ ಬರುವುದಿಲ್ಲ ಎಂದೇ ಬಂದವರು. ಹಳ್ಳಿಯ ಉಬ್ಬಿನಲ್ಲಿ ಕಾರು ನಿಂತಾಗ ಐವತ್ತು ವರ್ಷದ ಮೇಲೆ ನನ್ನ ಹಳೆಯ ಕೆಲಸ ಅವರ ಪಾಲಿಗೆ ಬಂತು. ಅವರು ಕಲ್ಲನ್ನು ಸರಿಯಾದ ಚಕ್ರಕ್ಕೇ ಕೊಟ್ಟರು. ಅಣ್ಣನಿಗಿಂತ ಪರವಾಗಿಲ್ಲ.

ಮಿಲ್ಲಿನ ಮುಂದೆ ಅರ್ಧ ಊರು ಸೇರಿತ್ತು. ನಜೀರಣ್ಣ ಬಾಗಿಲು ತೆರೆದು ಹಿಡಿದ. ನೀಲಮ್ಮ ಸೆರಗಿನಲ್ಲಿ ಕೈಯ ಹಿಟ್ಟು ಒರೆಸಿಕೊಂಡು ಬಂದು, ಉಂಗುರದ ಬೆರಳನ್ನು ಸ್ವಲ್ಪ ಮಡಿಸಿ, ಮೂರು ಬೆರಳನ್ನು ಆ ಮೂರು ಗೀಟಿನ ಮೇಲಿಟ್ಟು ಎಡದಿಂದ ಬಲಕ್ಕೆ ಎಳೆದರು. ಗೀಟು ಮುಗಿದಲ್ಲಿ ಬೆರಳು ನಿಂತವು. ಅವರು ಅಳುತ್ತಾರೆಂದು ನಾನು ಕರ್ಚೀಫು ಸಿದ್ಧ ಮಾಡಿಕೊಂಡಿದ್ದೆ. ಅತ್ತವಳು ನಾನು. ನೀಲಮ್ಮ ತಿರುಗಿ ಜನರ ಕಡೆ ನೋಡಿ, "ಬಂದು ನೋಡ್ರೋ" ಅಂದರು.

ಎಲ್ಲರೂ ಬಂದು ನೋಡಿದರು. ಮಿಲ್ಲಿನ ಡಬ್ಬ ನೋಡಿದರು, ಮತ್ತೆ ಬಾಗಿಲು ನೋಡಿದರು. ಕೊನೆಗೆ ಅವತ್ತು ಜಗಲಿಯಲ್ಲಿ ಕೂತಿದ್ದ ಗೌಡರು ಕೋಲೂರಿಕೊಂಡು ಬಂದರು. ಪುಟ್ಟೇಗೌಡರು ಎಂದು ಹೆಸರು, ನೀಲಮ್ಮನ ಜೊತೆ ಒಂದೇ ಕ್ಲಾಸಿನಲ್ಲಿ ಓದಿದವರು. ಕಾರ್ ಬಸಪ್ಪ ಎಂದು ಹೆಸರು ಕಟ್ಟಿದವರೇ ಇವರ ಅಪ್ಪ, ಅದನ್ನು ಊರಿಗೆಲ್ಲ ಹರಡಿದವರು ಇವರು. ಕಾರಿನ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಗೀಟುಗಳನ್ನು ನೋಡಿದರು, ರಾಗಿ ಹಿಟ್ಟಿನ ಚೀಲ ಎತ್ತಿಕೊಂಡು ಹೊರಟುಹೋದರು.

"ನೋಡಿದ್ಯಾ?" ಅಂದರು ನೀಲಮ್ಮ. ದನಿ ಕುಗ್ಗಿತ್ತು. "ಊರೆಲ್ಲ ಒಪ್ಪಿದ್ರೂ ಆ ಮುದ್ಕ ಒಪ್ಪಲ್ಲ. ಅವನು ಒಪ್ದೆ ಇದ್ರೆ ನಾಳೆ ಮತ್ತೆ ಕಟ್ಟೆ ಮೇಲೆ ಅದೇ ನಗಾಟ."

ನಾನು ಸಕಲೇಶಪುರಕ್ಕೆ ಬಂದವಳೇ ಚಂದ್ರಣ್ಣನಿಂದ ಹೊಸ ಅರ್ಜಿ ಕೇಳಿದೆ. ಇಲ್ಲೇ ಜೋಡಿಸಿದ ಕಾರುಗಳು ಅನ್ನುವುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಜೋಡಿಸಿದವರು ಬಸಪ್ಪ, ಆಲೂರು ತಾಲ್ಲೂಕು ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಅಲ್ಲಿ ಅಂಥ ಕಾಲಂ ಇರಲಿಲ್ಲ. ನಾನೇ ಸ್ಕೇಲಿಟ್ಟು ಗೆರೆ ಎಳೆದು ಮಾಡಿದೆ. ಚಂದ್ರಣ್ಣ ಓದಿ, "ಟೀಚರ್, ಹಿಂದೆ ಒಲೆ ಪಕ್ಕ ಹೋಗ್ತದೆ ನಿಮ್ಮ ಕಾರು. ಹೊಗೆ ಹೊಡೀತದೆ" ಅಂದರು. ಹೊಡೆಯಲಿ ಅಂದೆ. ನಜೀರಣ್ಣ ಬಾಗಿಲನ್ನು ಸರಿ ಮಾಡುವುದಿಲ್ಲ ಎಂದು ಹಟ ಹಿಡಿದ. "ಇಷ್ಟು ವರ್ಷ ಹಿಡಿದೈತೆ ಆ ಕೀಲು. ನಾನ್ಯಾವನು ಅದನ್ನ ಮುಟ್ಟಕ್ಕೆ?" ಅಂದು, ರೆಕ್ಸಿನ್ ಹಲಗೆಯ ಬದಲು ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೂರಿಸಿದ. ಈಗ ಬಾಗಿಲು ತೆರೆದರೆ ಗೀಟುಗಳೂ ಕೀಲೂ ಎಲ್ಲರಿಗೂ ಕಾಣುತ್ತಿದ್ದವು.

ಪ್ರದರ್ಶನದ ದಿನ ನೀಲಮ್ಮ ಮದುವೆಮನೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು ಬಂದು ಕಾರಿನೊಳಗೆ ಕೂತರು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಲೇ, ಬಗ್ಗಿ ನೋಡಿದ ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಕತೆ ಹೇಳಿದರು. ಒಲೆಯ ಪಕ್ಕ ಇದ್ದದ್ದು ನಮ್ಮ ಅದೃಷ್ಟ. ಊಟಕ್ಕೆ ಬಂದವರೆಲ್ಲ ನಮ್ಮ ಮುಂದೆಯೇ ಸಾಲು ನಿಲ್ಲಬೇಕಿತ್ತು. ಪಲಾವಿನ ತಟ್ಟೆ ಹಿಡಿದು ನಿಂತವರು ತಿನ್ನುವುದನ್ನು ಮರೆತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಶಾಮಿಯಾನದ ಕೆಳಗಿನ ಹೊಳಪಿನ ಕಾರುಗಳ ಬಳಿ ಅವುಗಳ ಯಜಮಾನರು ಮಾತ್ರ ಉಳಿದಿದ್ದರು. ಚಂದ್ರಣ್ಣ ಮೈಕು ಹಿಡಿದುಕೊಂಡು ನಮ್ಮ ಕಡೆಗೇ ಬಂದರು.

ಆಗ ಮೈಸೂರಿನಿಂದ ಬಂದಿದ್ದ ಒಬ್ಬ ಸೂಟುಧಾರಿ ಸಂಗ್ರಾಹಕರು ಗೀಟುಗಳನ್ನು ಬಗ್ಗಿ ನೋಡಿ ನಕ್ಕರು. "ಕತೆ ಚೆನ್ನಾಗಿದೆ ಅಜ್ಜಿ. ಆದರೆ ಮೂರು ಗೀಟು ಯಾರು ಬೇಕಾದ್ರೂ ಎಳೀಬಹುದಲ್ಲ. ನಿಮ್ಮ ತಂದೆ ಅಂತ ಸಾಕ್ಷಿ ಯಾರು?"

ಅದೇ ಹಳೆಯ ನಗು, ಬೇರೆ ಬಾಯಲ್ಲಿ. ನಾನು ಉತ್ತರ ಕೊಡಲು ಹೊರಟೆ. ಆದರೆ ನನ್ನ ಹಿಂದಿನಿಂದ ಒಂದು ಕೋಲು ಮುಂದೆ ಬಂತು, ಅದರ ಹಿಂದೆ ಪುಟ್ಟೇಗೌಡರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಬೆಳಗಿನ ಬಸ್ಸಿಗೇ ಬಂದು ಇಷ್ಟು ಹೊತ್ತೂ ಜನರ ಹಿಂದೆ ನಿಂತಿದ್ದರಂತೆ.

"ಸಾಕ್ಸಿ ನಾನು" ಅಂದರು. "ಎಪ್ಪತ್ತು ವರ್ಷದಿಂದ ಇದನ್ನ ಸುಳ್ಳು ಅಂದೋನೇ ನಾನು. ನನ್ಗಿಂತ ದೊಡ್ಡ ಸಾಕ್ಸಿ ಬೇಕಾ ನಿಮ್ಗೆ? ಆ ಮನುಷ್ಯನ ಬೆರಳು ನೋಡಿವ್ನಿ, ಆ ಮಿಲ್ಲಲ್ಲೇ ಅವನು ಗೀಟು ಎಳ್ದಾಗ ಪಕ್ಕದಲ್ಲೇ ನಿಂತಿದ್ದೆ. ಅವತ್ತಿನ ದಿನ ಕಾರು ಕಂಡು ನಂಗೆ ಮಾತೇ ಬರ್ಲಿಲ್ಲ. ಮನೇಗೋಗಿ ಎರಡು ದಿನ ಊಟ ಸೇರ್ಲಿಲ್ಲ. ಕಾರ್ ಬಸಪ್ಪ ಅಂತ ಹೆಸರಿಟ್ಟಿದ್ದು ನಮ್ಮಪ್ಪ. ಹೆಸರು ಸರೀಗೇ ಇತ್ತು ಕಣ್ರೀ. ನಗಾಡಿದ್ದೇ ತಪ್ಪಾಗ್ಬುಟ್ಟದೆ."

ಆಮೇಲೆ ಕಾರಿನ ಕಿಟಕಿಗೆ ಬಗ್ಗಿ, "ತಪ್ಪಾಯ್ತು ನೀಲವ್ವ" ಅಂದರು.

ಸೂಟಿನವರು ನಗುವುದನ್ನು ನಿಲ್ಲಿಸಿದರು. ಯಾರೋ ತಟ್ಟೆಯನ್ನು ಕೆಳಗಿಟ್ಟು ಚಪ್ಪಾಳೆ ಹೊಡೆದರು, ಅದನ್ನು ಕೇಳಿ ಅಡುಗೆಯವರೂ ಸೌಟು ಬಿಟ್ಟು ಹೊಡೆದರು. ನಮ್ಮ ಯಜಮಾನರು ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದರು. ಚಂದ್ರಣ್ಣ ಮೈಕು ಎತ್ತಿ, ಗಂಟಲು ಸರಿಪಡಿಸಿಕೊಂಡು ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದರು. "ಈ ಕಾರನ್ನು ಜೋಡಿಸಿದವರು ಆಲೂರು ತಾಲ್ಲೂಕಿನ ಕಾರ್ ಬಸಪ್ಪನವರು."

ನೀಲಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಚಂದ್ರಣ್ಣನ ತೋಳು ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳಪ್ಪ" ಅಂದರು. "ಹಿಂದ್ಗಡೆ ಇರೋರಿಗೆ ಕೇಳಿಸ್ಲಿಲ್ಲ."